ಬೇಸಾಯಗಾರನ ಕೋವಿ

ಚುನಾವಣೆಯ ದಿನಾಂಕವು ಪ್ರಕಟವಾದೊಡನೆ ನಮ್ಮ ಜಿಲ್ಲೆಯ ಕಾರ್ಕಳ, ಹೆಬ್ರಿ, ಕುಂದಾಪುರ ಕಡೆಯ ಬೇಸಾಯಗಾರರಿಗೆ ಒಂದು ಕೆಲಸವು ಹೆಚ್ಚುವುದುಂಟು. ಬೆಳೆರಕ್ಷಣೆಗಾಗಿ ಲೈಸೆನ್ಸು ಪಡೆದ ಕೋವಿಯನ್ನು ಪೋಲೀಸು ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸಿ, ರಶೀದಿ ಪಡೆದು, ಮತಗಳ ಎಣಿಕೆ ಮುಗಿಯುವ ತನಕ ಬರಿಗೈಯಲ್ಲಿ ತೋಟ ಕಾಯಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತು ಎಂದು ಚುನಾವಣೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬಾಳೆಯ ಬುಡವನ್ನು ಅಗೆಯುವ ಹಂದಿಗೂ ಎಳನೀರನ್ನು ಕಿತ್ತೆಸೆಯುವ ಮಂಗನಿಗೂ ಮಾತ್ರ ಯಾವ ನೀತಿಸಂಹಿತೆಯೂ ಇಲ್ಲ.

ಆದಿ ಉಡುಪಿ, ಮಣಿಪಾಲಗಳ ಪೇಟೆಯಲ್ಲಿರುವ ನಮ್ಮ ವಾಚಕರಲ್ಲಿ ಅನೇಕರಿಗೆ ಕೋವಿಯೆಂದರೆ ಕೊಲೆ ದರೋಡೆಗಳ ವರ್ತಮಾನದಲ್ಲಿ ಓದುವ ವಸ್ತು. ಘಟ್ಟದ ತಪ್ಪಲಿನ ಮನೆಯಲ್ಲಿ ಬೆಳೆದ ನಮಗೆ ಅದು ಹಾರೆ, ಕತ್ತಿ, ನೇಗಿಲುಗಳ ಸಾಲಿನ ಒಂದು ಉಪಕರಣ. ಕೇಪಿನ ಕೋವಿಯು ಅಟ್ಟದಲ್ಲಿ. ಮದ್ದು, ಚರೆ, ಕೇಪುಗಳು ಬೇರೆ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಬೀಗದಕೈ ಅಜ್ಜಯ್ಯನ ಉಡಿದಾರದಲ್ಲಿ. ಬರಿದೆಂದು ತಿಳಿದ ಕೋವಿಯ ಬಾಯನ್ನು ಸಹ ಮನುಷ್ಯನ ಕಡೆಗಾಗಲಿ ದನದ ಕಡೆಗಾಗಲಿ ತಿರುಗಿಸಕೂಡದೆಂಬುದು ಮೊದಲನೆಯ ಪಾಠ. ಪೊದೆ ಅಲುಗಿತೆಂದು ಈಡು ಬಿಡಕೂಡದು, ಎದುರಿಗಿರುವುದನ್ನೂ ಅದರ ಹಿಂದಿರುವುದನ್ನೂ ಕಣ್ಣಾರೆ ಕಾಣಬೇಕೆಂಬುದು ಎರಡನೆಯದು. ನಳಿಗೆ ಒರೆಸಿ ಎಣ್ಣೆ ಹಚ್ಚುವುದು, ಆಯುಧಪೂಜೆಯಂದು ಗಂಧ ಹೂವು ಇಡುವುದು, ಇಷ್ಟೇ ಹುಡುಗರಾದ ನಮ್ಮ ಅಧಿಕಾರ. ಅಪಾಯದ ವಸ್ತುವಿನ ಮರ್ಯಾದೆಯನ್ನು ಎಳೆಯದರಲ್ಲಿ ಕಲಿತವನು ದೊಡ್ಡವನಾದ ಮೇಲೆ ಅದರೊಡನೆ ಚೆಲ್ಲಾಟವಾಡನು.

ಈ ವಿಷಯಕ್ಕೆ ರಾಷ್ಟ್ರೀಯ ಚರಿತ್ರೆಯೂ ಇದೆ. ಲಾರ್ಡ್ ಲಿಟ್ಟನ್ನನ ಕಾಲದ ೧೮೭೮ರ ಆಯುಧ ಕಾಯಿದೆಯು ಯುರೋಪಿಯನರಿಗೆ ವಿನಾಯಿತಿ ಕೊಟ್ಟು ಭಾರತೀಯರನ್ನು ಲೈಸೆನ್ಸಿಗೆ ಕಟ್ಟಿಹಾಕಿತು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ ೧೯೧೮ರಲ್ಲಿ ಈ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಘೋರ ದುಷ್ಕೃತ್ಯಗಳಲ್ಲಿ ಎಣಿಸಿದರು. ೧೯೩೦ರಲ್ಲಿ ಇರ್ವಿನ್ನರ ಮುಂದಿರಿಸಿದ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಯ ಕೋವಿಗೆ ಲೈಸೆನ್ಸು ಕೊಡಬೇಕೆಂಬುದನ್ನೂ ಸೇರಿಸಿದರು. ೧೯೩೧ರ ಕರಾಚಿ ಕಾಂಗ್ರೆಸ್ಸು ಕಟ್ಟುಪಾಡಿಗೊಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳಲ್ಲಿ ಎಣಿಸಿತು. ೧೯೪೮ರ ಡಿಸೆಂಬರಿನಲ್ಲಿ ಇದೇ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ವಾದಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಹಾಗೆ ಮಾಡಿದರೆ ಕಳ್ಳಕಾಕರೂ ಅದೇ ಹಕ್ಕನ್ನು ಸಾಧಿಸುವರೆಂದು ಡಾ. ಅಂಬೇಡ್ಕರರು ಉತ್ತರವಿತ್ತರು, ತಿದ್ದುಪಡಿಯು ಬಿದ್ದುಹೋಯಿತು. ಆ ಉತ್ತರದಲ್ಲಿ ಸತ್ಯವಿದೆ. ಆದರೆ ಕಳ್ಳನನ್ನು ಬೇರ್ಪಡಿಸುವುದಕ್ಕಾಗಿಯೇ ಲೈಸೆನ್ಸು ಇರುವುದಲ್ಲವೇ? ಬೇರ್ಪಡಿಸಿದ ಮೇಲೆ ಉಳಿದವನನ್ನು ನಂಬಬೇಕು.

೧೯೫೯ರ ಆಯುಧ ಕಾಯಿದೆಯ ೧೩ನೆಯ ಕಲಮು ನಿಜವಾದ ಬೆಳೆರಕ್ಷಣೆಗೆ ಕೇಪಿನ ಕೋವಿ ಬೇಡುವವನನ್ನು ಹೆಸರಿಸಿಯೇ ಮನ್ನಿಸಿದೆ. ೨೦೧೯ರ ತಿದ್ದುಪಡಿಯು ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಗಳಿಗೆ ಏರಿಸಿತು. ಐದು ವರ್ಷ ನಂಬಲು ಯೋಗ್ಯನಾದವನು ಚುನಾವಣೆಯ ಕೆಲವು ವಾರಗಳಲ್ಲಿ ಮಾತ್ರ ಅಯೋಗ್ಯನಾಗುವುದು ಹೇಗೆ?

ಕೊಡಗನ್ನು ನೋಡಿರಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೧೮೬೧ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಹತ್ತು ವರ್ಷ ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ನಡೆಯುವುದು. ನಾವು ಅಂತಹ ವಿನಾಯಿತಿಯನ್ನು ಕೇಳುತ್ತಿಲ್ಲ. ಲೈಸೆನ್ಸು ಇರಲಿ, ಪೋಲೀಸರ ವಿಚಾರಣೆಯೂ ಇರಲಿ.

ಅಧಿಕಾರಿಗಳ ಶಂಕೆಯು ನಿರಾಧಾರವೆಂದು ನಾವು ಹೇಳುವುದಿಲ್ಲ. ೨೦೦೩ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ನಕ್ಸಲರೊಡನೆ ನಡೆದ ಗುಂಡಿನ ಕಾಳಗವನ್ನು ಯಾರೂ ಮರೆತಿಲ್ಲ. ಕುಡಿತದ ಮನೆಯಲ್ಲಿ, ಜಗಳದ ಮನೆಯಲ್ಲಿ ಕೋವಿಯು ಯಮನೇ ಸರಿ. ಆದರೆ ಚುನಾವಣಾ ಆಯೋಗದ ಸೂಚನೆಯೇ ವಿವೇಕದ ದಾರಿಯನ್ನು ತೋರಿಸಿದೆ: ಜಾಮೀನಿನ ಮೇಲಿರುವವರು, ಅಪರಾಧದ ಇತಿಹಾಸವುಳ್ಳವರು, ಹಿಂದೆ ದೊಂಬಿಯಲ್ಲಿ ಸಿಕ್ಕಿಕೊಂಡವರು, ಇಂಥವರ ಲೈಸೆನ್ಸುಗಳನ್ನು ಸಮಿತಿಯು ಒಂದೊಂದಾಗಿ ಪರಿಶೀಲಿಸತಕ್ಕದ್ದು. ಪರಿಶೀಲನೆಯ ಶ್ರಮವನ್ನು ಉಳಿಸಲು ಎಲ್ಲರಿಗೂ ಒಂದೇ ಆಜ್ಞೆ ಹೊರಡಿಸುವುದು ಸುಲಭ. ಆ ಸೌಕರ್ಯದ ಬೆಲೆಯನ್ನು ತೆರುವವನು ಮಾತ್ರ ಬೇಸಾಯಗಾರ.

ಕೋವಿದಾರರಿಗೂ ಒಂದು ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹಂದಿಯನ್ನು ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ, ನವಿಲಂತೂ ರಾಷ್ಟ್ರಪಕ್ಷಿ. ಬೆಳೆರಕ್ಷಣೆಯ ಕೋವಿಯ ಮುಖ್ಯ ಉಪಯೋಗವು ಅದರ ಸದ್ದು. ಪ್ರಾಣಕ್ಕೆ ಬಂದಾಗ ಆತ್ಮರಕ್ಷಣೆ. ಈ ಹೆಸರಿನಲ್ಲಿ ಮಾಂಸದ ಬೇಟೆಗೆ ಹೊರಡುವವನು, ಮದ್ದುಗುಂಡನ್ನು ಮಕ್ಕಳ ಕೈಗೆ ಎಟುಕುವಲ್ಲಿ ಇಡುವವನು, ಸಂಭ್ರಮಕ್ಕೆ ಗಾಳಿಯಲ್ಲಿ ಈಡು ಹಾರಿಸುವವನು, ಇವರೆಲ್ಲರೂ ನೆರೆಮನೆಯವನ ಲೈಸೆನ್ಸಿಗೆ ಸಂಚಕಾರ ತರುವವರು. ಅಂಥವರ ಕೋವಿಯನ್ನು ಸರಕಾರವು ಚುನಾವಣೆಗೆ ಕಾಯದೆ ಇಂದೇ ಕಸಿದುಕೊಳ್ಳಲಿ. ನಾವು ಅವರ ಪಕ್ಷ ವಹಿಸೆವು.

ಮತದಾರನ ವಿವೇಕದ ಮೇಲೆ ರಾಜ್ಯದ ಭಾರವನ್ನೆಲ್ಲ ಹೊರಿಸಿರುವ ಪ್ರಜಾಪ್ರಭುತ್ವವು, ಅದೇ ಮತದಾರನು ತನ್ನ ಅಟ್ಟದ ಮೇಲಿನ ಒಂಟಿ ನಳಿಗೆಯ ವಿಷಯದಲ್ಲಿಯೂ ವಿವೇಕಿಯೆಂದು ನಂಬಬೇಕು. ಮುಂದಿನ ಚುನಾವಣೆಯು ಬರುವ ಮೊದಲೇ, ಪೋಲೀಸರ ದಾಖಲೆಯಲ್ಲಿ ಕಳಂಕವಿಲ್ಲದ ಬೇಸಾಯಗಾರರ ಪಟ್ಟಿಯನ್ನು ಠಾಣೆಠಾಣೆಯಲ್ಲಿ ಸಿದ್ಧಪಡಿಸಿ, ಅವರ ಕೋವಿಗಳನ್ನು ಅವರವರ ಮನೆಯಲ್ಲಿಯೇ ಇರಗೊಡಬೇಕೆಂದು ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ಆಗ್ರಹ.