ನಾಯಿಗೆ ಹಸಿಮಾಂಸವೇ ಸಹಜವೆ?

ತುಮಕೂರಿನಂತಹ ಪಟ್ಟಣಗಳಲ್ಲಿ ನಾಯಿಗಳಿಗೆ ಅಂಗಡಿಯ ಒಣ ಆಹಾರವನ್ನಿಡುವವರುಂಟು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಅವು ಮನೆಯವರ ರಾಗಿಮುದ್ದೆಯನ್ನೇ ಉಂಡು ಬೆಳೆದಿವೆ. ಇವೆರಡೂ ಸಲ್ಲವು, ತೋಳದ ಕುಲದ ಪ್ರಾಣಿಗೆ ಹಸಿಮಾಂಸವೇ ತಕ್ಕುದು ಎಂಬ ವಾದವನ್ನು ಈಚೆಗೆ ನಾವು ಕೇಳುತ್ತಿದ್ದೇವೆ. ಇದು ಎಷ್ಟರಮಟ್ಟಿಗೆ ಸರಿ?

ಕುಲವೊಂದಾದರೂ ಜೀರ್ಣಶಕ್ತಿ ಬೇರೆಯಾಗಿದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನಿಗೆ ತೋಳದಲ್ಲಿ 2 ಪ್ರತಿಗಳಿದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಸಾವಿರಾರು ವರ್ಷ ಮನುಷ್ಯನ ಮಗ್ಗುಲಲ್ಲಿ ಬಾಳಿದ ಪ್ರಾಣಿಗೆ ಮುದ್ದೆ ಅರಗುವುದು ಅಚ್ಚರಿಯಲ್ಲ. ಮುದ್ದೆಯೊಂದೇ ಸಾಲದು, ಪ್ರೋಟೀನೂ ಬೇಕು, ನಿಜ. ಆದರೆ ಬರಿಯ ಮಾಂಸವೂ ಸಾಲದು. ಅದರಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಮೆ. ಅದನ್ನೇ ತಿಂದು ಬೆಳೆಯುವ ಮರಿಯ ಎಲುಬು ದುರ್ಬಲವಾಗುತ್ತದೆ.

ಇನ್ನೂ ದೊಡ್ಡ ಅಪಾಯವೊಂದುಂಟು. ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರುಗುಳ್ಳೆಗಳಿರುತ್ತವೆ. ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳು ನೆಲೆಸುವುದು ಅಲ್ಲಿಯೇ. ಅವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರುಗಳ ಹುಳುಗಳು ಬೆಳೆದು, ಅವುಗಳ ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಹುಲ್ಲಿನ ಮೂಲಕ ಅವು ಮತ್ತೆ ಕುರಿಯನ್ನು ಸೇರುತ್ತವೆ. ನಾಯಿಯನ್ನು ಮುಟ್ಟಿ ಕೈತೊಳೆಯದೆ ಉಣ್ಣುವ ಮಗುವನ್ನೂ ಸೇರಬಲ್ಲವು. ಮಗುವಿನ ಯಕೃತ್ತಿನಲ್ಲಿ ಗುಳ್ಳೆಯು ವರ್ಷಗಟ್ಟಲೆ ನೋವಿಲ್ಲದೆ ಬೆಳೆದು, ಕಡೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಈ ಸರಪಣಿಯನ್ನು ಕಡಿಯಲು ಮನೆಯ ಒಲೆ ಸಾಕು. ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಮಾಂಸದಲ್ಲಿ ಈ ಮರಿಹುಳುಗಳು ಬದುಕಲಾರವು. ಬೆಂದ ಎಲುಬು ಸೀಳಿ ಕರುಳನ್ನು ಚುಚ್ಚುವುದುಂಟಾದುದರಿಂದ ಅದನ್ನು ಮಾತ್ರ ತೆಗೆದುಬಿಡಬೇಕು. ಪಶುವೈದ್ಯರು ಹೇಳಿದ ಅವಧಿಗೊಮ್ಮೆ ಹುಳುವಿನ ಔಷಧವನ್ನು ಕೊಡಿಸುವುದನ್ನೂ ಮರೆಯಲಾಗದು.