‘ನಾವು’ ಗೆದ್ದೆವು, ‘ಅವನು’ ಸೋತನು: ಕಾಲೇಜು ಬೇಸ್‌ಬಾಲ್ ಅಭಿಮಾನಿಗಳ ಮಾತಿನಲ್ಲಿ ಕರ್ತೃಪದದ ಆಯ್ಕೆ

1. ಪೀಠಿಕೆ

ತಾವು ಆಡದ ಪಂದ್ಯದ ಗೆಲುವನ್ನು ಅಭಿಮಾನಿಗಳು ಉತ್ತಮ ಪುರುಷ ಬಹುವಚನದಲ್ಲಿ ಹೇಳಿಕೊಳ್ಳುವುದು ಪರಿಚಿತ ಸಂಗತಿ. ಅಮೆರಿಕದ ರಾಬರ್ಟ್ ಸಿಯಾಲ್ಡಿನಿ ಮತ್ತು ಅವರ ಸಹಲೇಖಕರು 1976ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪ್ರಾಯೋಗಿಕ ಆಧಾರ ಒದಗಿಸಿತು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಪಂದ್ಯಗಳನ್ನು ವಿವರಿಸುವಾಗ ವಿದ್ಯಾರ್ಥಿಗಳು ಸೋಲಿಗಿಂತ ಗೆಲುವಿನ ಸಂದರ್ಭದಲ್ಲಿ ‘ವಿ’ ಎಂಬ ಸರ್ವನಾಮವನ್ನು ಹೆಚ್ಚಾಗಿ ಬಳಸಿದರು. ಗೆಲುವಿನ ಕೀರ್ತಿಗೆ ಹತ್ತಿರವಾಗುವ, ಸೋಲಿನಿಂದ ದೂರ ಸರಿಯುವ ಪ್ರವೃತ್ತಿ ಇದರ ಹಿಂದಿದೆ ಎಂಬುದು ಅವರ ವಿವರಣೆ.

ಈ ವಿವರಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಲೇಜು ಬೇಸ್‌ಬಾಲ್‌ನಲ್ಲಿ, ಅದರಲ್ಲಿಯೂ ಪಿಚಿಂಗ್ ಕುರಿತ ಮಾತಿನಲ್ಲಿ, ಅದು ಸಾಲದು ಎಂಬುದು ಈ ಲೇಖನದ ವಾದ. ಇಲ್ಲಿ ಸರ್ವನಾಮವನ್ನು ಪಂದ್ಯದ ಫಲಿತಾಂಶವೊಂದೇ ನಿರ್ಧರಿಸುವುದಿಲ್ಲ; ಕ್ರಿಯಾಪದ ಸೂಚಿಸುವ ಕ್ರಿಯೆಯ ಬಗೆಯೂ ನಿರ್ಧರಿಸುತ್ತದೆ. ಮುಂದಿನ ವಾಕ್ಯಗಳು ವಾದವನ್ನು ಸ್ಪಷ್ಟಪಡಿಸಲು ನಾವೇ ರಚಿಸಿಕೊಂಡ ಮಾದರಿಗಳು.

2. ವಾರದ ಹೆಸರು, ಪಾತ್ರದ ಹೆಸರು

ಸೌತ್ ಕೆರೊಲಿನಾ ವಿಶ್ವವಿದ್ಯಾಲಯ ಮತ್ತು ಕ್ಲೆಮ್ಸನ್ ವಿಶ್ವವಿದ್ಯಾಲಯಗಳ ಹಳೆಯ ಪೈಪೋಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದೇ ರಾಜ್ಯದ ಈ ಎರಡು ತಂಡಗಳು ಬೇರೆ ಬೇರೆ ಕಾನ್ಫರೆನ್ಸ್‌ಗಳಿಗೆ ಸೇರಿದವು. ಆದರೂ ಋತುವಿನ ಆರಂಭದ ಒಂದು ವಾರಾಂತ್ಯದಲ್ಲಿ ಮೂರು ಪಂದ್ಯಗಳ ಸರಣಿ ಆಡುತ್ತವೆ. ಶುಕ್ರವಾರ, ಶನಿವಾರ, ಭಾನುವಾರಗಳಿಗೆ ಒಬ್ಬೊಬ್ಬ ಪಿಚರ್ ಆಟ ಆರಂಭಿಸುವುದು ಕಾಲೇಜು ಬೇಸ್‌ಬಾಲ್‌ನ ವಾಡಿಕೆ. ತಂಡದ ಅತ್ಯುತ್ತಮ ಪಿಚರ್‌ಗೆ ಸಾಮಾನ್ಯವಾಗಿ ಶುಕ್ರವಾರ ಮೀಸಲು. ಹೀಗಾಗಿ ಅಭಿಮಾನಿಗಳ ಮಾತಿನಲ್ಲಿ ವಾರದ ಹೆಸರು ಪಾತ್ರದ ಹೆಸರಾಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ‘ನಮ್ಮ ಶುಕ್ರವಾರದವನು’.

(1) ನಮ್ಮ ಶುಕ್ರವಾರದವನನ್ನು ಬದಲಾಯಿಸಬೇಕು.
(2) ನಮ್ಮ ಶುಕ್ರವಾರದವನು ಭಾನುವಾರ ಎಸೆಯಲಿ.

(1)ರಲ್ಲಿ ಪಾತ್ರ ಉಳಿದು, ಅದನ್ನು ತುಂಬುವ ವ್ಯಕ್ತಿ ಬದಲಾಗುತ್ತಾನೆ. (2)ರಲ್ಲಿ ವ್ಯಕ್ತಿ ಉಳಿದು ಪಾತ್ರ ಸಡಿಲಗೊಳ್ಳುತ್ತದೆ. ಇಲ್ಲವಾದರೆ ವಾಕ್ಯ ಅಸಂಗತವಾಗುತ್ತದೆ. ಜಿಲ್ ಫೋಕೊನಿಯೆ ವಿವರಿಸಿದ ಪಾತ್ರ ಮತ್ತು ಅದರ ಬೆಲೆ ಎಂಬ ಭೇದಕ್ಕೆ ಇದು ತಕ್ಕ ನಿದರ್ಶನ. ಎರಡೂ ವಾಕ್ಯಗಳಲ್ಲಿ ‘ನಮ್ಮ’ ಎಂಬ ಷಷ್ಠಿ ಕದಲುವುದಿಲ್ಲ ಎಂಬುದನ್ನು ಗಮನಿಸಬೇಕು. ಪಾತ್ರವು ತಂಡದ್ದು, ಆದ್ದರಿಂದ ಅಭಿಮಾನಿಯದೂ ಹೌದು.

ಪಾತ್ರವಿಲ್ಲದವನು ಪಾತ್ರ ಪಡೆಯುವುದೂ ಉಂಟು. 2010ರ ಜೂನ್‌ನಲ್ಲಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಈ ಎರಡು ತಂಡಗಳೇ ಎದುರಾದವು. ಆ ಋತುವಿನಲ್ಲಿ ಮುಖ್ಯವಾಗಿ ರಿಲೀವರ್ ಆಗಿದ್ದ ಮೈಕಲ್ ರಾತ್ ಆಟ ಆರಂಭಿಸಿ, ಕೊನೆಯವರೆಗೂ ತಾನೇ ಎಸೆದನು. ಸೌತ್ ಕೆರೊಲಿನಾ 5-1ರಿಂದ ಗೆದ್ದಿತು. ಆ ವರ್ಷ ಪ್ರಶಸ್ತಿಯೂ ಅದರದಾಯಿತು. ಮರುವರ್ಷ ರಾತ್ ತಂಡದ ಪ್ರಮುಖ ಸ್ಟಾರ್ಟರ್ ಆದನು.

3. ಒಂದು ಸೋಲು, ಎರಡು ಕರ್ತೃಗಳು

ಬೇಸ್‌ಬಾಲ್‌ನ ಅಧಿಕೃತ ದಾಖಲೆಯು ಗೆಲುವು ಸೋಲುಗಳನ್ನು ತಂಡಕ್ಕೆ ಮಾತ್ರವಲ್ಲ, ಎರಡೂ ಕಡೆಯ ಒಬ್ಬೊಬ್ಬ ಪಿಚರ್‌ಗೂ ಬರೆಯುತ್ತದೆ. ಬೇರಾವ ಸ್ಥಾನದ ಆಟಗಾರನಿಗೂ ಈ ಲೆಕ್ಕವಿಲ್ಲ. ಆದ್ದರಿಂದ ‘ಅವನು ಸೋತನು’ ಎಂಬುದು ಇಲ್ಲಿ ಅಭಿಮಾನಿಯ ನುಣುಚಿಕೆಯಷ್ಟೇ ಅಲ್ಲ, ದಾಖಲೆಯ ವಾಕ್ಯವೂ ಹೌದು. ದಾಖಲೆಯ ಕರ್ತೃವು ಮೈದಾನದ ಕರ್ತೃವೇ ಆಗಿರಬೇಕೆಂದಿಲ್ಲ. ಸಮಬಲದ ಸ್ಥಿತಿಯಲ್ಲಿ, ಎದುರಾಳಿ ಓಟಗಾರನೊಬ್ಬನನ್ನು ಮೂರನೆಯ ಬೇಸ್‌ನಲ್ಲಿ ಬಿಟ್ಟು ಸ್ಟಾರ್ಟರ್ ಹೊರನಡೆದನೆನ್ನೋಣ. ಬುಲ್‌ಪೆನ್‌ನಿಂದ ಬಂದ ರಿಲೀವರ್‌ನ ಎಸೆತಕ್ಕೆ ಹೊಡೆತ ಬಿದ್ದು ಆ ಓಟಗಾರ ರನ್ ಗಳಿಸಿದರೆ, ಅದು ಸ್ಟಾರ್ಟರ್‌ನ ಲೆಕ್ಕಕ್ಕೆ ಸೇರುತ್ತದೆ. ತಂಡ ಮತ್ತೆ ಸಮಬಲ ಸಾಧಿಸದಿದ್ದರೆ, ಬೆಂಚಿನ ಮೇಲೆ ಕುಳಿತಿದ್ದವನೇ ‘ಸೋತವನು’.

ಇಂಥ ಪಂದ್ಯದ ಬಗ್ಗೆ ಅಭಿಮಾನಿಯೊಬ್ಬ ಒಂದೇ ಉಸಿರಿನಲ್ಲಿ ಹೀಗೆನ್ನಬಹುದು:

(3) ಅವನು ಎಂಟನೆಯ ಇನಿಂಗ್ಸ್‌ನಲ್ಲಿ ಆಟ ಕೈಚೆಲ್ಲಿದ.
(4) ಅವನನ್ನು ನಾವು ಅಷ್ಟು ಹೊತ್ತು ಯಾಕೆ ಉಳಿಸಿಕೊಂಡೆವು?

ಎರಡೂ ಸೋಲಿನ ಮಾತುಗಳೇ. ದೂರ ಸರಿಯುವ ಪ್ರವೃತ್ತಿಯಷ್ಟೇ ಕೆಲಸ ಮಾಡಿದ್ದರೆ (4)ರಲ್ಲಿ ‘ಅವರು’ ಅಥವಾ ‘ಕೋಚ್’ ಬರಬೇಕಿತ್ತು. ಅಲ್ಲಿ ‘ನಾವು’ ಮರಳಿ ಬರಲು ಕಾರಣ, ಕ್ರಿಯೆಯು ಎಸೆತವಲ್ಲ, ತೀರ್ಮಾನ. ಎಸೆಯುವುದು ದೇಹದ ಕೆಲಸ; ಅದನ್ನು ಅಭಿಮಾನಿ ಹಂಚಿಕೊಳ್ಳಲಾರ. ಯಾರನ್ನು ಯಾವಾಗ ಕಳಿಸಬೇಕೆಂಬ ಯೋಚನೆಯಲ್ಲಿ ಅವನು ಪಂದ್ಯದುದ್ದಕ್ಕೂ ಮನಸ್ಸಿನಲ್ಲೇ ಪಾಲ್ಗೊಂಡಿರುತ್ತಾನೆ. ಆದ್ದರಿಂದ ತೀರ್ಮಾನವಾಚಿ ಕ್ರಿಯಾಪದಗಳೊಂದಿಗೆ ‘ನಾವು’ ಸೋಲಿನಲ್ಲಿಯೂ ಉಳಿಯುತ್ತದೆ, ದೈಹಿಕ ಕ್ರಿಯಾಪದಗಳೊಂದಿಗೆ ಕಳಚಿಕೊಳ್ಳುತ್ತದೆ ಎಂಬುದು ನಮ್ಮ ಊಹನ.

4. ಕನ್ನಡದ ಕಡೆಯಿಂದ

ತಮಿಳಿನ ‘ನಾಮ್’ ಮತ್ತು ‘ನಾಂಗಳ್’, ತೆಲುಗಿನ ‘ಮನಮು’ ಮತ್ತು ‘ಮೇಮು’, ಹವ್ಯಕ ಕನ್ನಡದ ‘ನಾವು’ ಮತ್ತು ‘ಎಂಗೊ’ ಎಂಬ ಜೋಡಿಗಳು ಕೇಳುಗನನ್ನು ಒಳಗೊಳ್ಳುವ, ಹೊರಗಿಡುವ ಭೇದವನ್ನು ತೋರಿಸುತ್ತವೆ. ಇಂಗ್ಲಿಷ್‌ನಂತೆ ಶಿಷ್ಟ ಕನ್ನಡದಲ್ಲಿಯೂ ಈ ಭೇದವಿಲ್ಲ. ಆದರೆ ಅಭಿಮಾನಿಯ ‘ನಾವು’ ಎತ್ತುವ ಪ್ರಶ್ನೆ ಬೇರೆ: ಅದರೊಳಗೆ ಮಾತನಾಡುವವನೇ ಇದ್ದಾನೆಯೆ? ಮೇಲಿನ ಯಾವ ಜೋಡಿಯೂ ಇದಕ್ಕೆ ಉತ್ತರ ಕೊಡುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ದಾರಿ ಇದೆ. ‘ಗೆದ್ದೆವು’, ‘ಸೋತರು’ ಎಂಬಲ್ಲಿ ಆಖ್ಯಾತ ಪ್ರತ್ಯಯವೇ ಪುರುಷವನ್ನು ಹೇಳುತ್ತದೆ; ಸರ್ವನಾಮ ಬಿಟ್ಟರೂ ಪಕ್ಷ ಬಯಲಾಗುತ್ತದೆ. ‘ಗೆಲ್ಲಲಿಲ್ಲ’, ‘ಅವನನ್ನು ಉಳಿಸಿಕೊಳ್ಳಬಾರದಿತ್ತು’ ಎಂಬಲ್ಲಿ ಪುರುಷಸೂಚಕ ಪ್ರತ್ಯಯವಿಲ್ಲ. (4)ನ್ನು ಕನ್ನಡದಲ್ಲಿ ಈ ಎರಡನೆಯ ರೂಪದಲ್ಲಿ ಹೇಳಿದರೆ, ತೀರ್ಮಾನ ನಮ್ಮದೋ ಅವರದೋ ಎಂಬುದು ತೆರೆದೇ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ ಇದೇ ಫಲ ಪಡೆಯಲು ಕರ್ಮಣಿ ಪ್ರಯೋಗದಂಥ ಬೇರೆ ರಚನೆ ಬೇಕು. ನಿಷೇಧ ಮತ್ತು ವಿಧಿಯ ರೂಪಗಳಲ್ಲಿ ಕನ್ನಡಕ್ಕೆ ಅದು ವ್ಯಾಕರಣದಿಂದಲೇ ದಕ್ಕುತ್ತದೆ. ಸೋಲಿನ ಮಾತು ಹೆಚ್ಚಾಗಿ ನಿಷೇಧ ಮತ್ತು ವಿಧಿಗಳ ಮಾತೇ ಆಗಿರುವುದರಿಂದ ಈ ಸಂಗತಿ ಗೌಣವಲ್ಲ.

5. ಉಪಸಂಹಾರ

ಮೇಲಿನ ಚರ್ಚೆಯಿಂದ ವಿಧಾನಕ್ಕೆ ಸಂಬಂಧಿಸಿದ ಎರಡು ಸೂಚನೆಗಳು ದೊರೆಯುತ್ತವೆ. ಒಂದು, ಅಭಿಮಾನಿಗಳ ಮಾತಿನ ಪಠ್ಯಸಂಚಯಗಳಲ್ಲಿ ಸರ್ವನಾಮಗಳನ್ನು ಗೆಲುವು ಸೋಲುಗಳಡಿ ಮಾತ್ರ ಎಣಿಸದೆ, ಪ್ರತಿಯೊಂದನ್ನೂ ಅದರ ಕ್ರಿಯಾಪದದ ಬಗೆಯೊಂದಿಗೆ ಗುರುತಿಸಬೇಕು. ಎರಡು, ಕನ್ನಡದಂಥ ಭಾಷೆಗಳಲ್ಲಿ ಪುರುಷಸೂಚನೆಯೇ ಇಲ್ಲದ ವಾಕ್ಯಗಳನ್ನು ಪ್ರತ್ಯೇಕ ವರ್ಗವಾಗಿ ಎಣಿಸಬೇಕು; ಅವನ್ನು ಕೈಬಿಟ್ಟರೆ ಸೋಲಿನ ಮಾತಿನ ಬಹುಭಾಗ ಲೆಕ್ಕದಿಂದ ತಪ್ಪಿಹೋಗುತ್ತದೆ.

ಈ ಎಣಿಕೆ ಕೇವಲ ತಾಂತ್ರಿಕವಲ್ಲ. ಶುಕ್ರವಾರ ಸಂಜೆ ಚೆಂಡು ಹಿಡಿದು ನಿಂತವನು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ. ಅವನನ್ನು ಅಲ್ಲಿ ನಿಲ್ಲಿಸಿದ ತೀರ್ಮಾನ, ಹಿಂದಿನ ಓಟಗಾರ, ಬದಲಿಗೆ ಬಂದವನ ಎಸೆತ ಇವೆಲ್ಲ ಸೇರಿದ ಒಂದು ಘಟನೆಯನ್ನು ‘ಅವನು ಸೋತನು’ ಎಂಬ ವಾಕ್ಯ ಒಬ್ಬನ ಹೆಸರಿಗೆ ಬರೆಯುತ್ತದೆ. ‘ನಾವು ಯಾಕೆ ಉಳಿಸಿಕೊಂಡೆವು’ ಎಂಬ ವಾಕ್ಯ ಅದರ ಭಾರವನ್ನು ಹಂಚಿಕೊಳ್ಳುತ್ತದೆ. ಕರ್ತೃಪದದ ಆಯ್ಕೆಯು ಹೊಣೆಯ ಹಂಚಿಕೆಯೂ ಆಗಿದೆ.