ಊರಿನ ಶಾಲೆ ಯಾರದು? ಇಂಗ್ಲೆಂಡಿನ ಬರ್ಸ್ಟನ್ ಹಳ್ಳಿಯ ಕಥೆ

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ನಾರ್ಫೋಕ್ ಎಂಬ ಜಿಲ್ಲೆಯಿದೆ. ಅಲ್ಲಿಯ ಡಿಸ್ ಪಟ್ಟಣದ ಹತ್ತಿರ ಬರ್ಸ್ಟನ್ ಎಂಬ ಒಂದು ಪುಟ್ಟ ಹಳ್ಳಿ. ಸುತ್ತಲೂ ಹೊಲ, ನಡುವೆ ಹುಲ್ಲಿನ ಬಯಲು, ಪಕ್ಕದಲ್ಲಿ ಹಳೆಯ ಇಗರ್ಜಿ. ಇಷ್ಟು ಚಿಕ್ಕ ಊರಿನಲ್ಲಿ 1914ರಿಂದ 1939ರ ತನಕ, ಅಂದರೆ ಪೂರ್ತಿ 25 ವರ್ಷ, ಎರಡು ಶಾಲೆಗಳು ನಡೆದವು. ಒಂದು ಸರಕಾರದ್ದು, ಇನ್ನೊಂದು ಊರಿನವರದ್ದು. ಎರಡನೆಯ ಶಾಲೆ ಹುಟ್ಟಿದ್ದು ಮಕ್ಕಳ ಮುಷ್ಕರದಿಂದ. ಆ ಮುಷ್ಕರ ಏಕೆ ನಡೆಯಿತು ಎಂಬುದನ್ನು ತಿಳಿಯಬೇಕಾದರೆ, ಇಂಗ್ಲೆಂಡಿನ ಹಳ್ಳಿಗಳಿಗೆ ಶಾಲೆ ಹೇಗೆ ಬಂತು ಎಂಬುದನ್ನು ನಾವು ಮೊದಲು ನೋಡಬೇಕು.

ಮದ್ರಾಸಿನಿಂದ ಹೋದ ಪದ್ಧತಿ

ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಬಡ ರೈತ ಕೂಲಿಯ ಮಗುವಿಗೆ ಶಾಲೆಯೆಂಬುದು ಕೈಗೆಟುಕುವ ವಸ್ತುವಾಗಿರಲಿಲ್ಲ. ಕೆಲವು ಊರುಗಳಲ್ಲಿ ವಯಸ್ಸಾದ ಹೆಂಗಸರು ತಮ್ಮ ಮನೆಯಲ್ಲೇ ಅಷ್ಟಿಷ್ಟು ಕಾಸು ಪಡೆದು ಓದು ಕಲಿಸುತ್ತಿದ್ದರು. 1780ರಲ್ಲಿ ಗ್ಲೋಸ್ಟರ್ ನಗರದಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ಆರಂಭಿಸಿದರು. ವಾರದ ಆರು ದಿನ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಆ ಒಂದೇ ದಿನ.

ಮುಂದಿನ ಹೆಜ್ಜೆಗೆ ನಮ್ಮ ದೇಶದ ಸಂಬಂಧವಿದೆ. ಮದ್ರಾಸಿನ ಸೈನಿಕ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಆಂಗ್ಲಿಕನ್ ಧರ್ಮಗುರುಗಳು, ಇಲ್ಲಿಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡರು. ಅದನ್ನೇ ತಮ್ಮ ಮಕ್ಕಳಿಗೂ ಹೇಳಿಕೊಟ್ಟರು. ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡಿಸಿದರು. 1797ರಲ್ಲಿ ಈ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ಒಬ್ಬನೇ ಅಧ್ಯಾಪಕ ನೂರಾರು ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಕಲಿಸಬಹುದಾದ ಈ ಕ್ರಮಕ್ಕೆ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. 1811ರಲ್ಲಿ ಆಂಗ್ಲಿಕನ್ ಸಭೆಯವರು ಸ್ಥಾಪಿಸಿದ ನ್ಯಾಷನಲ್ ಸೊಸೈಟಿ ಈ ಪದ್ಧತಿಯಲ್ಲೇ ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯಿತು. ಇತರ ಪ್ರೊಟೆಸ್ಟಂಟ್ ಪಂಗಡದವರು ತಮ್ಮದೇ ಸಂಘದ ಮೂಲಕ ಶಾಲೆಗಳನ್ನು ನಡೆಸಿದರು. ಕಥೋಲಿಕರ ಶಾಲೆಗಳಿಗೆ ಸರಕಾರದ ನೆರವು ದೊರೆತದ್ದು 1847ರ ನಂತರವೇ.

ಹೀಗೆ ಬಹುತೇಕ ಹಳ್ಳಿಗಳಲ್ಲಿ ಇದ್ದದ್ದು ಒಂದೇ ಶಾಲೆ. ಅದನ್ನು ಕಟ್ಟಿಸಿದವರು ಊರಿನ ಧರ್ಮಗುರುಗಳು ಮತ್ತು ಜಮೀನ್ದಾರರು. ಅವರ ಉಪಕಾರವನ್ನು ನಾವು ಅಲ್ಲಗಳೆಯುವಂತಿಲ್ಲ. ಅವರಿಲ್ಲದಿದ್ದರೆ ಆ ಮಕ್ಕಳಿಗೆ ಅಕ್ಷರವೇ ಸಿಗುತ್ತಿರಲಿಲ್ಲ. ಆದರೆ ಅಧ್ಯಾಪಕರನ್ನು ನೇಮಿಸುವುದು, ತೆಗೆಯುವುದು, ಏನು ಕಲಿಸಬೇಕೆಂದು ಹೇಳುವುದು ಎಲ್ಲವೂ ಅವರ ಕೈಯಲ್ಲೇ ಉಳಿಯಿತು.

ಕಾನೂನು ಬಂತು, ಮಕ್ಕಳು ಬರಲಿಲ್ಲ

1833ರಲ್ಲಿ ಸರಕಾರ ಮೊದಲ ಬಾರಿಗೆ ಶಾಲಾ ಕಟ್ಟಡಗಳಿಗಾಗಿ 20,000 ಪೌಂಡ್ ನೀಡಿತು. 1870ರ ಕಾನೂನಿನಂತೆ ಶಾಲೆಯಿಲ್ಲದ ಕಡೆ ಸ್ಥಳೀಯ ಮಂಡಳಿಗಳು ಶಾಲೆ ತೆರೆಯಬೇಕಾಯಿತು. ತಮಗೆ ಒಪ್ಪಿಗೆಯಿಲ್ಲದ ಧಾರ್ಮಿಕ ಪಾಠದಿಂದ ಮಕ್ಕಳನ್ನು ಹೊರಗಿಡುವ ಹಕ್ಕು ಹೆತ್ತವರಿಗೆ ದೊರೆಯಿತು. 1880ರಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. 1891ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕವಿಲ್ಲದ ಶಿಕ್ಷಣಕ್ಕೆ ದಾರಿಯಾಯಿತು. 1902ರಲ್ಲಿ ಶಾಲೆಗಳ ಹೊಣೆ ಜಿಲ್ಲಾ ಮಟ್ಟದ ಶಿಕ್ಷಣ ಸಮಿತಿಗಳಿಗೆ ಸೇರಿತು.

ಕಾನೂನು ಏನೇ ಇರಲಿ, ಹಳ್ಳಿಯ ಶಾಲೆಯ ಬೆಂಚುಗಳು ಮಾತ್ರ ಆಗಾಗ ಖಾಲಿ. ಆ ಕಾಲದ ಶಾಲಾ ದಿನಚರಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ಒಂದೇ: ಮಕ್ಕಳು ಕೊಯ್ಲಿಗೆ ಹೋಗಿದ್ದಾರೆ, ಹೊಲದ ಕಲ್ಲು ಆರಿಸಲು ಹೋಗಿದ್ದಾರೆ, ಹಕ್ಕಿ ಓಡಿಸಲು ಹೋಗಿದ್ದಾರೆ. ಹೆತ್ತವರಿಗೆ ಆ ಕೂಲಿ ಬೇಕಿತ್ತು, ಜಮೀನ್ದಾರರಿಗೆ ಅಗ್ಗದ ಕೈಗಳು ಬೇಕಿದ್ದವು. ಮಕ್ಕಳನ್ನು ಶಾಲೆಗೆ ಕಳುಹಿಸಿ ಎಂದು ಹೇಳಬೇಕಾದ ಆಡಳಿತ ಸಮಿತಿಯಲ್ಲಿ ಅದೇ ಜಮೀನ್ದಾರರು ಕುಳಿತಿರುತ್ತಿದ್ದರು. ತೊಡಕಿನ ಮೂಲ ಇರುವುದು ಇಲ್ಲಿಯೇ.

ಹಿಗ್ಡನ್ ದಂಪತಿ

1911ರಲ್ಲಿ ಬರ್ಸ್ಟನ್ ಶಾಲೆಗೆ ಆ್ಯನಿ ಹಿಗ್ಡನ್ ಮುಖ್ಯೋಪಾಧ್ಯಾಯಿನಿಯಾಗಿ ಬಂದರು. ಊರಿನವರ ಬಾಯಲ್ಲಿ ಅವರು ಕಿಟ್ಟಿ. ಪತಿ ಟಾಮ್ ಹಿಗ್ಡನ್ ಅದೇ ಶಾಲೆಯ ಸಹಾಯಕ ಅಧ್ಯಾಪಕ. ಇದಕ್ಕೆ ಮೊದಲು ಇಬ್ಬರೂ ಅದೇ ಜಿಲ್ಲೆಯ ವುಡ್ ಡಾಲಿಂಗ್ ಎಂಬ ಹಳ್ಳಿಯಲ್ಲಿದ್ದರು. ಮಕ್ಕಳನ್ನು ಹೊಲಕ್ಕೆ ಎಳೆಯುವುದನ್ನು ಪ್ರಶ್ನಿಸಿ ಅಲ್ಲಿಯ ಆಡಳಿತದ ಕೋಪಕ್ಕೆ ಗುರಿಯಾಗಿದ್ದರು.

ಬರ್ಸ್ಟನ್ನಿನಲ್ಲೂ ಅವರು ಸುಮ್ಮನಿರಲಿಲ್ಲ. ಶಾಲೆಯ ತೇವ, ಚಳಿ, ಸಾಲದ ಬೆಳಕು, ಕೆಟ್ಟ ಚರಂಡಿ ಇವುಗಳ ಬಗ್ಗೆ ದೂರು ನೀಡಿದರು. ಟಾಮ್ ಕೃಷಿ ಕೂಲಿಕಾರರನ್ನು ಸಂಘಕ್ಕೆ ಸೇರಿಸಿದರು. 1913ರ ಗ್ರಾಮ ಸಮಿತಿಯ ಚುನಾವಣೆಯಲ್ಲಿ ಅತಿ ಹೆಚ್ಚು ಮತ ಪಡೆದವರು ಅವರೇ. ಊರಿನ ಆಂಗ್ಲಿಕನ್ ಧರ್ಮಗುರು ಚಾರ್ಲ್ಸ್ ಟಕರ್ ಈಲಂಡ್ ಸೋತರು. ಶಾಲೆಯ ಆಡಳಿತ ಸಮಿತಿಯಲ್ಲಿ ಮುಖ್ಯರಾಗಿದ್ದವರೂ ಅದೇ ಈಲಂಡ್.

ನಂತರ ಆರೋಪಗಳ ಸುರಿಮಳೆ. ಮಳೆಯಲ್ಲಿ ನೆನೆದು ಬಂದ ಮಕ್ಕಳ ಬಟ್ಟೆ ಒಣಗಿಸಲು ಕಿಟ್ಟಿ ಅಪ್ಪಣೆಯಿಲ್ಲದೆ ಬೆಂಕಿ ಹಾಕಿದರೆಂಬುದು ಒಂದು. ಸಮಿತಿಯವರಿಗೆ ಅಗೌರವ ತೋರಿದರೆಂಬುದು ಇನ್ನೊಂದು. ಇಬ್ಬರು ಹುಡುಗಿಯರಿಗೆ ಹೊಡೆದರೆಂಬ ಆರೋಪವೂ ಬಂತು. ಕಿಟ್ಟಿ ಅದನ್ನು ನಿರಾಕರಿಸಿದರು. ವಿಚಾರಣೆಯ ನಂತರ ಶಿಕ್ಷಣ ಸಮಿತಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು.

1914 ಏಪ್ರಿಲ್ 1

ಆ ದಿನ ಶಾಲೆಯ 72 ಮಕ್ಕಳಲ್ಲಿ 66 ಮಂದಿ ಒಳಗೆ ಕಾಲಿಡಲಿಲ್ಲ. 13 ವರ್ಷದ ವಯಲೆಟ್ ಪಾಟರ್ ಎಂಬ ಹುಡುಗಿಯ ಮುಂದಾಳುತನದಲ್ಲಿ ಬಾವುಟ, ಫಲಕ ಹಿಡಿದು ಊರು ಸುತ್ತಿದರು. ನಮ್ಮ ಟೀಚರು ನಮಗೆ ಬೇಕು ಎಂಬುದೊಂದೇ ಅವರ ಬೇಡಿಕೆ.

ಹೆತ್ತವರು ಮಕ್ಕಳನ್ನು ಗದರಿಸಿ ವಾಪಸು ಕಳುಹಿಸಲಿಲ್ಲ, ಜೊತೆಗೆ ನಿಂತರು. ಹಿಗ್ಡನ್ ದಂಪತಿ ಊರ ಬಯಲಿನಲ್ಲೇ ಪಾಠ ಆರಂಭಿಸಿದರು. ನಂತರ ಬಡಗಿಯ ಕೆಲಸದ ಕೊಟ್ಟಿಗೆಯೇ ಶಾಲೆಯಾಯಿತು. ಮಕ್ಕಳನ್ನು ಸರಕಾರಿ ಶಾಲೆಗೆ ಕಳುಹಿಸದ ತಪ್ಪಿಗೆ 18 ಹೆತ್ತವರನ್ನು ನ್ಯಾಯಾಲಯಕ್ಕೆ ಕರೆಸಿ ತಲಾ ಎರಡೂವರೆ ಶಿಲ್ಲಿಂಗ್ ದಂಡ ಹಾಕಲಾಯಿತು. ಕೃಷಿ ಕೂಲಿಯ ವಾರದ ಸಂಬಳ 15 ಶಿಲ್ಲಿಂಗಿನ ಆಸುಪಾಸಿನಲ್ಲಿದ್ದ ಕಾಲವದು. ಎರಡನೇ ಬಾರಿ ದಂಡ ಇಮ್ಮಡಿಯಾಯಿತು. ಜನರು ವಂತಿಗೆ ಎತ್ತಿ ಕಟ್ಟಿದರು. ಇಗರ್ಜಿಯ ಜಾಗವನ್ನು ಗೇಣಿಗೆ ಪಡೆದಿದ್ದ ಕೆಲವರು ಆ ಜಾಗವನ್ನೇ ಕಳೆದುಕೊಂಡರು. ಆದರೂ ಮಕ್ಕಳು ಹಿಂದಿರುಗಲಿಲ್ಲ.

ಸುದ್ದಿ ದೇಶವಿಡೀ ಹರಡಿತು. ಗಣಿ ಕೆಲಸಗಾರರ, ರೈಲ್ವೆ ಕೆಲಸಗಾರರ ಸಂಘಗಳು ಹಣ ಕಳುಹಿಸಿದವು. 1917 ಮೇ 13ರಂದು ಬಯಲಿನ ಅಂಚಿನಲ್ಲಿ ಹೊಸ ಶಾಲೆ ಎದ್ದು ನಿಂತಿತು. ಉದ್ಘಾಟಿಸಿದ್ದು ಯಾವ ಗಣ್ಯರೂ ಅಲ್ಲ, ಅದೇ ವಯಲೆಟ್ ಪಾಟರ್. ನೆರವಾದವರ ಹೆಸರುಗಳನ್ನು ಗೋಡೆಯ ಕಲ್ಲುಗಳಲ್ಲಿ ಕೆತ್ತಲಾಗಿದೆ.

ಉಳಿದದ್ದು

1920ರಲ್ಲಿ ಈಲಂಡ್ ಊರು ಬಿಟ್ಟರು. ಮುಷ್ಕರದ ಶಾಲೆ ಮಾತ್ರ ನಡೆಯುತ್ತಲೇ ಇತ್ತು. 1939ರಲ್ಲಿ ಟಾಮ್ ತೀರಿಕೊಂಡರು. ವಯಸ್ಸಾಗಿದ್ದ ಕಿಟ್ಟಿಗೆ ಒಬ್ಬರೇ ನಡೆಸುವುದು ಸಾಧ್ಯವಾಗಲಿಲ್ಲ. ಉಳಿದಿದ್ದ 11 ಮಕ್ಕಳು ಸರಕಾರಿ ಶಾಲೆಗೆ ಸೇರಿದರು. ಬ್ರಿಟನ್ನಿನ ಅತಿ ದೀರ್ಘ ಮುಷ್ಕರವೆಂದು ಇದನ್ನು ಕರೆಯುವುದುಂಟು. ಕಿಟ್ಟಿ 1946ರಲ್ಲಿ ನಿಧನ ಹೊಂದಿದರು. ಇಂದು ಆ ಕಟ್ಟಡ ವಸ್ತು ಸಂಗ್ರಹಾಲಯವಾಗಿದೆ.

ಇದನ್ನು ಧರ್ಮಗುರುಗಳು ಮತ್ತು ಅಧ್ಯಾಪಕರ ನಡುವಿನ ಜಗಳವೆಂದಷ್ಟೇ ಓದಿದರೆ ನಾವು ಮುಖ್ಯವಾದುದನ್ನು ಕಳೆದುಕೊಳ್ಳುತ್ತೇವೆ. ಕಿಟ್ಟಿ ಸ್ವತಃ ಆಂಗ್ಲಿಕನ್ ಸಭೆಗೆ ಸೇರಿದವರು, ಟಾಮ್ ಮೆಥಡಿಸ್ಟರು. ಅವರ ತಕರಾರು ಧರ್ಮದ ಮೇಲಾಗಿರಲಿಲ್ಲ. ಮಗು ತರಗತಿಯಲ್ಲಿರಬೇಕು, ಹೊಲದಲ್ಲಲ್ಲ ಎಂಬುದಷ್ಟೇ ಅವರ ಹಟ. ಶಾಲೆಯ ಗೋಡೆ ಕಟ್ಟಿದವರಿಗೆ, ನಿಯಮ ಮಾಡುವವರಿಗೆ, ಸಂಬಳ ಕೊಡುವವರಿಗೆ ಅದರ ಮೇಲೆ ಹಕ್ಕಿರುವುದು ನಿಜ. ಆದರೆ ಒದ್ದೆ ಬಟ್ಟೆಯಲ್ಲಿ ನಡುಗುವ ಮಗುವಿಗೆ ಬೆಂಕಿ ಹಾಕಲು ಅಪ್ಪಣೆ ಕೇಳಬೇಕಾದ ದಿನ, ಆ ಹಕ್ಕು ಎಲ್ಲೋ ದಾರಿ ತಪ್ಪಿದೆ ಎಂದೇ ಅರ್ಥ. ಬರ್ಸ್ಟನ್ನಿನ ಕೂಲಿಕಾರರಿಗೆ ಅದು ಅರ್ಥವಾಗಿತ್ತು. ಅದಕ್ಕಾಗಿ ಅವರು ದಂಡ ತೆತ್ತರು.

ಟಾಮ್ ಮತ್ತು ಕಿಟ್ಟಿ ಹಿಗ್ಡನ್ ಅವರನ್ನು ಸಮಾಧಿ ಮಾಡಿರುವುದು ಬರ್ಸ್ಟನ್ನಿನ ಅದೇ ಇಗರ್ಜಿಯ ಅಂಗಳದಲ್ಲಿ, ಅಕ್ಕಪಕ್ಕದಲ್ಲಿ. ಊರು ಕೊನೆಗೆ ಅವರನ್ನು ತನ್ನವರೆಂದೇ ಇಟ್ಟುಕೊಂಡಿತು.